ಕೆಂಪು ಇಳಿದರೆ ಕಣ್ಣು ಉಳಿಯಿತಾ?

"ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ."

ಮೆಡಿಕಲ್ ಶಾಪ್ ಮುಂದೆ ನಿಂತು ಹೀಗೆ ಕೇಳದವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ? ಅಂಗಡಿಯವರು ಚೀಟಿ ಕೇಳಲ್ಲ, ನಾವು ಡಾಕ್ಟರ್ ಹತ್ರ ಹೋಗಲ್ಲ. ಎರಡು ಸಾವಿರದ ಶೂ ತಗೊಳ್ಳೋಕೆ ನಲವತ್ತು ರಿವ್ಯೂ ಓದೋ ನಾವು, ಕಣ್ಣಿಗೆ ಬಿಟ್ಟುಕೊಳ್ಳೋ ಔಷಧಿಯ ಹೆಸರನ್ನೂ ಓದಲ್ಲ.

ನಾನೂ ಓದಲಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡೇ ಮಲಗಿದ್ದೆ, ಬೆಳಗ್ಗೆ ಎಡಗಣ್ಣು ಕೆಂಪು. ಡ್ರಾಪ್ಸ್ ಬಿಟ್ಟೆ, ಮಾರನೇ ದಿನ ಕೆಂಪು ಇಳಿಯಿತು. ವಾರದೊಳಗೆ ಬೆಳಕು ನೋಡಿದರೆ ಚುಚ್ಚುವಂಥ ನೋವು. ಆ ಬಾಟಲಿಯಲ್ಲಿ ಆ್ಯಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಕೂಡ ಇತ್ತು. ಸ್ಟೀರಾಯ್ಡ್ ಇಳಿಸೋದು ಉರಿಯೂತವನ್ನು, ಸೋಂಕನ್ನಲ್ಲ. ಕಳ್ಳ ಒಳಗೆ ನುಗ್ಗಿರುವಾಗ ಗಲಾಟೆ ಅಂತ ನಾಯಿ ಬಾಯಿ ಕಟ್ಟಿದ ಹಾಗೆ. ಫಂಗಸ್, ಹರ್ಪಿಸ್ ವೈರಸ್‌ಗಳಿಗೆ ಇದಕ್ಕಿಂತ ಒಳ್ಳೆ ಆತಿಥ್ಯ ಬೇಕಿಲ್ಲ.

ಕಾರ್ನಿಯಾ ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಅದರಲ್ಲಿ ರಕ್ತನಾಳಗಳಿಲ್ಲ, ಕೊಲಾಜೆನ್ ಎಳೆಗಳು ಅಚ್ಚುಕಟ್ಟಾಗಿ ಜೋಡಿಸಿಕೊಂಡಿವೆ. ಅದಕ್ಕೇ ಅದು ಗಾಜಿನ ಹಾಗೆ. ಮೇಲ್ಪದರ ಮಾತ್ರ ತರಚಿದರೆ ಕಲೆಯಿಲ್ಲದೆ ವಾಸಿಯಾಗುತ್ತೆ. ಹುಣ್ಣು ಆಳಕ್ಕಿಳಿದರೆ ಎಳೆಗಳು ಅಡ್ಡಾದಿಡ್ಡಿ ಬೆಳೆದು ಬಿಳಿ ಕಲೆ ಉಳಿಯುತ್ತೆ. 'ಕಣ್ಣಲ್ಲಿ ಹೂ ಬಿದ್ದಿದೆ' ಅಂತ ಹಳ್ಳಿ ಕಡೆ ಹೇಳೋದು ಇದಕ್ಕೇ. ಅಂಚಿನಲ್ಲಿದ್ದರೆ ಬಚಾವ್. ಪಾಪೆಯ ಎದುರಿಗೆ ಬಿದ್ದರೆ ಅಕ್ಷರಕ್ಕೆಲ್ಲ ನೆರಳು, ರಾತ್ರಿ ಎದುರು ಬರೋ ಹೆಡ್‌ಲೈಟ್ ಚೂರುಚೂರಾಗಿ ಹರಡುತ್ತೆ. ಮೇಲ್ಮೈಯೇ ಏರುಪೇರಾದ ಮೇಲೆ ಮಾಮೂಲಿ ಕನ್ನಡಕ ಏನು ಮಾಡೀತು?

"ಕಸಿ ಮಾಡ್ತಾರಲ್ಲ ಮಾರಾಯಾ" ಅಂತೀರಾ? ಕಸಿಗೆ ಯಾರೋ ಸಾಯಬೇಕು, ಅವರ ಮನೆಯವರು ಆ ದುಃಖದಲ್ಲೂ ಒಪ್ಪಬೇಕು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾಲ್ಕು ಜನರಿಗೆ ಕಸಿ ಮಾಡಿದರು. ನಾವೆಲ್ಲ ಅತ್ತು ಸ್ಟೇಟಸ್ ಹಾಕಿದೆವು. ಸರಿ. ಆದರೆ ಸೋಮಾರಿತನಕ್ಕೆ ಸ್ವಂತ ಕಾರ್ನಿಯಾ ಹಾಳು ಮಾಡಿಕೊಂಡು, ಹೊಲದಲ್ಲಿ ಭತ್ತದ ಗರಿ ತಾಗಿ ದೃಷ್ಟಿ ಕಳಕೊಂಡವರ ಜೊತೆ ಅದೇ ಸಾಲಲ್ಲಿ ನಿಲ್ಲೋದು ಯಾವ ಸೀಮೆ ಅಭಿಮಾನ?

ಸ್ಟೀರಾಯ್ಡ್ ಡ್ರಾಪ್ಸ್ ಚೀಟಿ ಇಲ್ಲದೆ ಮಾರಬಾರದು ಅಂತ ಕಾನೂನಿದೆ. ಮಾರುವವರದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚೀಟಿ ಕೇಳಿದ ಅಂಗಡಿಗೆ ಬೈದು ಪಕ್ಕದ ಅಂಗಡಿಗೆ ಹೋಗೋರು ಯಾರು? ನಾವೇ.

ಆದ್ದರಿಂದ ಕೈ ಮುಗಿದು ಅಲ್ಲ, ಜಗಳ ಮಾಡಿಯೇ ಹೇಳ್ತೀನಿ. ಲೆನ್ಸ್ ಹಾಕ್ಕೊಂಡು ಮಲಗಬೇಡಿ, ನಲ್ಲಿ ನೀರಲ್ಲಿ ಅದನ್ನು ತೊಳೀಬೇಡಿ. ಕೆಂಪಿನ ಜೊತೆ ನೋವಿದ್ದರೆ, ಬೆಳಕು ಚುಚ್ಚಿದರೆ, ಮಂಜಾದರೆ, ಲೆನ್ಸ್ ತೆಗೆದಿಟ್ಟು ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಲೆನ್ಸನ್ನೂ ಅದರ ಡಬ್ಬಿಯನ್ನೂ ಎಸೀದೆ ಜೊತೆಗೆ ತಗೊಂಡು ಹೋಗಿ, ಸೋಂಕು ಯಾವುದು ಅಂತ ಪರೀಕ್ಷೆ ಮಾಡೋಕೆ ಬೇಕಾಗಬಹುದು.

ಟೈಮ್ ಇಲ್ಲ, ಗೊತ್ತು. ನನಗೂ ಇರಲಿಲ್ಲ. ಆಮೇಲೆ ರಾತ್ರಿಯಿಡೀ ಗಂಟೆಗೊಂದು ಅಲಾರಂ ಇಟ್ಕೊಂಡು ಡ್ರಾಪ್ಸ್ ಬಿಡೋಕೆ ಮಾತ್ರ ಟೈಮ್ ಸಿಕ್ಕಿತು.