ಕರೆಂಟು ಹೋದರೂ ಡಿಸ್ಕಿನ ಲೆಕ್ಕ ತಪ್ಪದಂತೆ

ಆಷಾಢದ ಗಾಳಿಗೆ ಕರಾವಳಿಯ ಅವರ್ಸಾದಲ್ಲಿ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೂ ಸಾಕು, ಕರೆಂಟು ಹೋಗುತ್ತದೆ. ಯುಪಿಎಸ್ ಕೈಕೊಟ್ಟರೆ ಕಂಪ್ಯೂಟರೂ ಆ ಕ್ಷಣವೇ ಬಂದ್. ಆಗ ಯಾರೋ ಸಹಕಾರಿ ಸಂಘದ ಲೆಕ್ಕ ಸೇವ್ ಮಾಡುತ್ತಿದ್ದರೆ? ಹೊರಗೆ ಅದು ಗುಂಡಿ ಒತ್ತುವಷ್ಟೇ ಕೆಲಸ. ಒಳಗೆ ಡಿಸ್ಕಿನಲ್ಲಿ ಖಾಲಿ ಜಾಗ ಹುಡುಕಬೇಕು, ಅದು ಭರ್ತಿಯಾಯಿತೆಂದು ಗುರುತಿಸಬೇಕು, ಫೋಲ್ಡರಿಗೆ ಹೆಸರು ಸೇರಿಸಬೇಕು. ಕೆಲಸ ಅರ್ಧಕ್ಕೇ ನಿಂತರೆ ಇವು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಲಿನಕ್ಸ್‌ನ ಹಳೆಯ ಇಎಕ್ಸ್‌ಟಿ2 ಫೈಲ್ ಸಿಸ್ಟಂನಲ್ಲಿ ಹೀಗಾದಾಗ ಇಡೀ ಡಿಸ್ಕನ್ನೇ ಜಾಲಾಡಬೇಕಿತ್ತು. ಡಿಸ್ಕು ದೊಡ್ಡದಾದಷ್ಟೂ ಕಾಯುವ ಹೊತ್ತು ಹೆಚ್ಚು. ಇಎಕ್ಸ್‌ಟಿ2ಕ್ಕೆ ಜರ್ನಲ್ ಸೇರಿಸುವ ವಿನ್ಯಾಸವನ್ನು 1998ರಲ್ಲಿ ಸ್ಟೀಫನ್ ಟ್ವೀಡಿ ಮುಂದಿಟ್ಟರು. ಅಂಗಡಿಯವರು ವ್ಯವಹಾರವನ್ನು ಮೊದಲು ಕಿರ್ದಿಗೆ ಬರೆದು ಆಮೇಲೆ ಖಾತೆಗೆ ಎತ್ತುವ ಕ್ರಮದಂತೆಯೇ ಇದು. ಆಗಬೇಕಾದ ಬದಲಾವಣೆಗಳು ಮೊದಲು ಜರ್ನಲಿಗೆ ಬೀಳುತ್ತವೆ, ಕೊನೆಯಲ್ಲಿ ಪೂರ್ತಿಯಾಯಿತೆಂಬ ಗುರುತು. ಕರೆಂಟು ಬಂದ ಮೇಲೆ ಪರದೆಯಲ್ಲಿ ‘ರಿಕವರಿಂಗ್ ಜರ್ನಲ್’ ಎಂಬ ಸಾಲು ಕಂಡರೆ, ಗುರುತಿದ್ದುದನ್ನು ಜಾರಿ ಮಾಡಿ ಉಳಿದುದನ್ನು ಕೈಬಿಡುವ ಕೆಲಸ ನಡೆದಿದೆ ಎಂದರ್ಥ. 2001ರ ಜನವರಿಯಲ್ಲಿ ಜರ್ನಲ್ ಇರುವ ಇನ್ನೊಂದು ಫೈಲ್ ಸಿಸ್ಟಂ ರೈಸರ್‌ಎಫ್‌ಎಸ್, ನವೆಂಬರಿನಲ್ಲಿ ಟ್ವೀಡಿಯವರ ಇಎಕ್ಸ್‌ಟಿ3 ಲಿನಕ್ಸ್‌ನ ತಿರುಳಾದ ಕರ್ನಲ್ ಸೇರಿದವು.

ಮುಂದಿನ ಹೆಜ್ಜೆಯಾದ ಇಎಕ್ಸ್‌ಟಿ4ರಲ್ಲಿ ಬೆಂಗಳೂರಿನ ಪಾಲೂ ಇದೆ. 2007ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಇಎಕ್ಸ್‌ಟಿ4 ಕುರಿತು ಮಂಡನೆಯಾದ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಐಬಿಎಂ ಕೇಂದ್ರದ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ಉಬುಂಟು ಎಂಬ ಲಿನಕ್ಸ್ ವಿತರಣೆ 2009ರಲ್ಲಿ ಇಎಕ್ಸ್‌ಟಿ4ನ್ನೇ ರೂಢಿಯಾಗಿಸಿಕೊಂಡಿತು. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆ ಕೊಡುವ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಬಳಸುವ ಲಿನಕ್ಸ್ ಕಟ್ಟಿರುವುದು ಉಬುಂಟು ಮೇಲೆಯೇ.

ಆದರೆ ಜರ್ನಲ್ ಕಾಯುವುದು ಡಿಸ್ಕಿನ ಲೆಕ್ಕವನ್ನು, ಟೈಪ್ ಮಾಡಿದ ಪ್ರತಿ ಅಕ್ಷರವನ್ನಲ್ಲ.

ರೂಢಿಯ ‘ಆರ್ಡರ್ಡ್’ ವಿಧಾನದಲ್ಲಿ ಕಡತದೊಳಗಿನ ಬರಹ ಜರ್ನಲಿಗೆ ಬರುವುದೇ ಇಲ್ಲ. ಅದು ನೇರ ತನ್ನ ಜಾಗ ಸೇರಿದ ಮೇಲಷ್ಟೇ ಅದರ ವಿವರ ಜರ್ನಲಿಗೆ ಏರುತ್ತದೆ. 2009ರಲ್ಲಿ, ಬರಹಕ್ಕೆ ಡಿಸ್ಕಿನಲ್ಲಿ ಜಾಗ ಹಂಚುವುದನ್ನು ಮುಂದೂಡುವ ಇಎಕ್ಸ್‌ಟಿ4 ಬಳಸುತ್ತಿದ್ದ ಕೆಲವರ ಕಂಪ್ಯೂಟರ್ ಹಠಾತ್ತನೆ ನಿಂತಾಗ ಸೆಟ್ಟಿಂಗ್ ಕಡತಗಳು ಸೊನ್ನೆ ಬೈಟಿಗೆ ಇಳಿದವು. ಹೆಸರು ಉಳಿದಿತ್ತು, ಒಳಗೆ ಏನೂ ಇರಲಿಲ್ಲ. ಇಎಕ್ಸ್‌ಟಿ4 ಅಭಿವೃದ್ಧಿಗಾರ ಥಿಯೋಡರ್ ತ್ಸೋ ಕರ್ನಲ್‌ನಲ್ಲಿ ತಿದ್ದುಪಡಿ ತಂದರು. ಮುಖ್ಯ ಕಡತವನ್ನು ಡಿಸ್ಕಿಗೆ ಇಳಿಸುವ ‘ಎಫ್‌ಸಿಂಕ್’ ಆದೇಶ ಕೊಡುವ ಹೊಣೆ ತಂತ್ರಾಂಶ ಬರೆಯುವವರದ್ದೆಂದೂ ಒತ್ತಿ ಹೇಳಿದರು.

ಪಂಚಾಯ್ತಿ, ಶಾಲೆಗಳ ಸಿಬ್ಬಂದಿಗೆ ಕಂಪ್ಯೂಟರ್ ತರಬೇತಿ ಕೊಡುವಾಗ ಈ ಮಿತಿಯನ್ನೂ ಹೇಳಿಕೊಡಲೇಬೇಕು. ಡಿಸ್ಕೇ ಸುಟ್ಟರೆ ಜರ್ನಲ್ಲೂ ಅದರ ಜೊತೆಗೇ ಹೋಗುತ್ತದೆ. ಆಯಾ ದಿನದ ದಾಖಲೆಯ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗುವ ಏರ್ಪಾಡು ಪ್ರತಿ ಕಚೇರಿಯಲ್ಲೂ ಇರಬೇಕು.