ಸತ್ತ ಗಾಡಿಗಳ ಲೆಕ್ಕ ರದ್ದಿಗೆ ಹೋಗಬಾರದು

ಫೋನಲ್ಲಿ ಕೆಎ-33 ನಂಬರ್ ಹಾಕಿದ್ರೆ ಯಾದಗಿರಿ ಗಾಡಿಯ ಮಾಡೆಲ್, ಇನ್ಶೂರೆನ್ಸ್, ಎಫ್‌ಸಿ ಎಲ್ಲಾ ಬರುತ್ತೆ. ಹಾಗಿದ್ಮೇಲೆ ಧೂಳು ಹಿಡಿದ ಹಳೇ ನೋಂದಣಿ ಪುಸ್ತಕಗಳು ಯಾಕೆ ಬೇಕು? ಇಂಜಿನಿಯರಿಂಗ್ ಓದೋ ನಾವೇ ಮೊದಲು ಕೇಳೋ ಪ್ರಶ್ನೆ ಇದು. ಬೇಕೇ ಬೇಕು ಅನ್ನೋದು ನನ್ನ ವಾದ.

ಮೊದಲು ಡೇಟಾಬೇಸ್ ವಿಷಯ. 'ವಾಹನ್' ಇರೋದು ಇವತ್ತಿನ ಕೆಲಸಕ್ಕೆ. ಟ್ಯಾಕ್ಸ್ ಕಟ್ಟೋಕೆ, ಓನರ್ ಹೆಸರು ಬದಲಾಯಿಸೋಕೆ ಜನ ಬಂದಾಗ ಆ ಗಾಡಿಯ ಮಾಹಿತಿ ಕಂಪ್ಯೂಟರಿಗೆ ಏರುತ್ತೆ. ಕಂಪ್ಯೂಟರ್ ಬರೋ ಮುಂಚೆಯೇ ಗುಜರಿಗೆ ಹೋದ ಲಾರಿ, ಜೀಪ್ ಪರವಾಗಿ ಯಾರು ಬರ್ತಾರೆ? ಬದುಕಿರೋ ಗಾಡಿ ಡೇಟಾಬೇಸಲ್ಲಿ, ಸತ್ತ ಗಾಡಿ ಪುಸ್ತಕದಲ್ಲಿ. ಪುಸ್ತಕ ಹೋದ್ರೆ ಅದು ಎರಡನೇ ಸಲ ಸತ್ತ ಹಾಗೆ.

ಸತ್ತ ಗಾಡಿ ತಗೊಂಡು ಏನ್ ಮಾಡ್ತೀಯ ಅಂತೀರಾ? ನಮ್ಮ ಸಗರನಾಡಿನ ಮ್ಯಾಪ್ ನೋಡಿ. ಯಾದಗಿರಿಗೆ ಮುಂಬೈ-ಚೆನ್ನೈ ರೈಲು ಮಾರ್ಗ ಇದೆ. ಶಹಾಪುರ, ಸುರಪುರ ಪಟ್ಟಣಗಳಿಗೆ ಇಲ್ಲ. ಯಾದಗಿರಿಯಿಂದ ಶಹಾಪುರಕ್ಕೆ ಹೋಗೋಕೆ ಭೀಮಾ ನದಿ ದಾಟಬೇಕು. ಹತ್ತಿ ಮಾರೋದು, ಆಸ್ಪತ್ರೆಗೆ ಹೋಗೋದು, ಬೆಂಗಳೂರಿಗೆ ಗುಳೆ ಹೋಗೋದು, ಎಲ್ಲಾ ಶುರುವಾಗೋದು ರಸ್ತೆ ಮೇಲೆ. ಅಂದ್ರೆ ಇಲ್ಲಿ ಗಾಡಿಗಳ ಲೆಕ್ಕವೇ ಊರಿನ ಚರಿತ್ರೆ.

ಒಂದು ಉದಾಹರಣೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರದ ಹೊಲಗಳಿಗೆ ಕೃಷ್ಣೆಯ ನೀರು ಬಂತು. ನೀರು ಬಂದ ಮೇಲೆ ಟ್ರ್ಯಾಕ್ಟರ್ ಯಾವ ಊರಿಗೆ ಮೊದಲು ಬಂತು? ಕಾಲುವೆಯ ತಲೆಗಿರೋ ಹಳ್ಳಿಗೋ, ಕೊನೆಗಿರೋ ಹಳ್ಳಿಗೋ? ಸಾಲದ ಮೇಲೆ ತಂದದ್ದೆಷ್ಟು? ನೋಂದಣಿ ಪುಸ್ತಕದಲ್ಲಿ ಮಾಲೀಕನ ವಿಳಾಸ, ಕಂಪನಿ, ಚಾಸಿಸ್ ನಂಬರ್, ಸಾಲ ಕೊಟ್ಟ ಬ್ಯಾಂಕ್, ಮಾರಾಟವಾದ ತಾರೀಕು ಇರುತ್ತೆ. ಸಾಲುಸಾಲಾಗಿ ಓದಿದ್ರೆ ನೀರಾವರಿ ಯಾರಿಗೆ ದುಡ್ಡು ತಂತು ಅನ್ನೋದು ಕಾಣುತ್ತೆ.

ಆದ್ರೆ ನಮ್ಮ ಕಡೆ ದಾಖಲೆ ಹುಡುಕೋದು ಮೈಸೂರು, ಬೆಂಗಳೂರಿನವರು ಹುಡುಕಿದಷ್ಟು ಸುಲಭ ಅಲ್ಲ. ಊರು ಇದ್ದಲ್ಲೇ ಇದೆ, ಸರ್ಕಾರ ಮಾತ್ರ ಬದಲಾಗ್ತಾ ಬಂತು. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ, ಆಮೇಲೆ 'ಎಂವೈ'ಯಿಂದ ಶುರುವಾಗೋ ನಂಬರ್‌ಗಳ ಕಾಲ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ಕ್ಕೆ ಜಾರಿಯಾದ ಮೇಲೆ 'ಕೆಎ'. 2009ರ ಡಿಸೆಂಬರಲ್ಲಿ ಯಾದಗಿರಿಯೇ ಬೇರೆ ಜಿಲ್ಲೆ. ಹೀಗಾಗಿ ಒಂದೇ ಊರಿನ ಕಥೆಗೆ ಯಾದಗಿರಿ, ಕಲಬುರಗಿ, ಬೆಂಗಳೂರಿನ ರಾಜ್ಯ ಪತ್ರಾಗಾರ, ಹೈದರಾಬಾದಿನ ತಾರ್ನಾಕಾದಲ್ಲಿರೋ ತೆಲಂಗಾಣ ಪತ್ರಾಗಾರ, ಎಲ್ಲಾ ಬಾಗಿಲು ತಟ್ಟಬೇಕು.

ಬಾಗಿಲು ತೆಗೆದ್ರೂ ಓದೋಕೆ ಬರಬೇಕಲ್ಲ! ನಿಜಾಮ ರೈಲ್ವೆ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡ್ತು. ಆ ಕಾಲದ ಆಡಳಿತ ಭಾಷೆ ಉರ್ದು, ಕ್ಯಾಲೆಂಡರ್ ಫಸಲಿ. ಫಸಲಿ 1342 ಅಂತ ಕಂಡ್ರೆ 590 ಕೂಡಿಸಿ, 1932ರ ಅಕ್ಟೋಬರಿಂದ ಆ ವರ್ಷ ಶುರು ಅಂತ ತಿಳಿಬೇಕು. ಸುರಪುರ ಇಂಗ್ಲಿಷ್ ದಾಖಲೆಯಲ್ಲಿ 'ಶೋರಾಪುರ' ಆಗಿರುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡ ಅಂಕಿ ಓದೋಕೇ ಟೈಮ್ ಬೇಕು, ಇನ್ನು ಉರ್ದು ದೂರದ ಮಾತು. ಆದ್ರೆ ಆ ಉರ್ದು ಓದೋ ಹಿರಿಯರು ನಮ್ಮ ಊರುಗಳಲ್ಲೇ ಇದ್ದಾರೆ. ಅವರು ಇರೋವಾಗಲೇ ಕೇಳಬೇಕು.

ಹೆಸರು, ವಿಳಾಸ ಹೊರಗೆ ಹಾಕಿದ್ರೆ ಪ್ರೈವಸಿ ಏನಾಗಬೇಕು ಅನ್ನೋ ಆಕ್ಷೇಪ ಸರಿಯಾದದ್ದೇ. ಅದಕ್ಕೆ ದಾರಿ ಇದೆ: ಪುಸ್ತಕ ಪೂರ್ತಿ ಸ್ಕ್ಯಾನ್ ಆಗಲಿ, ಹೊರಗೆ ಕೊಡುವಾಗ ಹೆಸರು ಮುಚ್ಚಿ ಊರು, ವರ್ಷ, ಗಾಡಿ ಮಾತ್ರ ಕೊಡಲಿ. ಮುಚ್ಚಿಟ್ಟಿದ್ದನ್ನ ಮುಂದೊಂದು ದಿನ ತೆರೆಯಬಹುದು. ಸುಟ್ಟಿದ್ದನ್ನ ತೆರೆಯೋಕಾಗಲ್ಲ.

ನಾವೇನು ಮಾಡಬಹುದು? ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಎರಡೇ ಪ್ರಶ್ನೆ ಕೇಳೋಣ: ಯಾವ ವರ್ಷದ ನೋಂದಣಿ ಪುಸ್ತಕಗಳು ಉಳಿದಿವೆ, ಯಾವುದು ಯಾವ ಆದೇಶದಲ್ಲಿ ನಾಶವಾಯ್ತು? ದಾಖಲೆಗಳ ಪಟ್ಟಿ ಇಡೋದು 2005ರ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕಚೇರಿಯ ಕರ್ತವ್ಯ. ಅರ್ಜಿ ತಪ್ಪು ಕಚೇರಿಗೆ ಹೋದ್ರೆ ಐದು ದಿನದಲ್ಲಿ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು. ರಜೆಗೆ ಊರಿಗೆ ಹೋದವರು ಮನೆ ಟ್ರಂಕಲ್ಲಿರೋ ಹಳೇ ಆರ್‌ಸಿ ಬುಕ್, ಪರ್ಮಿಟ್, ಟ್ಯಾಕ್ಸ್ ರಸೀದಿ ಫೋಟೋ ತೆಗೆದು ತನ್ನಿ.

ಸ್ಕ್ಯಾನ್ ಮಾಡೋದು, ಇಂಡೆಕ್ಸ್ ಮಾಡೋದು ನಮಗೆ ಒಂದು ಮಿನಿ ಪ್ರಾಜೆಕ್ಟ್ ಅಷ್ಟೇ. ಪ್ರತಿ ವರ್ಷ ಅದೇ ಪಾರ್ಕಿಂಗ್ ಸೆನ್ಸರ್ ಮಾಡೋ ಬದಲು ಈ ಸಲ ಇದನ್ನ ಮಾಡೋಣ. ಪುಸ್ತಕಗಳು ತೂಕಕ್ಕೆ ಹೋಗೋ ಮುಂಚೆ.