ತೆರೆದ ಬಾಗಿಲು

ಕ್ರೈಸ್ತ ಧರ್ಮದಲ್ಲಿ ‘ಕೃಪೆ’ ಎಂಬ ಮಾತಿಗೆ ಹಿರಿದಾದ ಸ್ಥಾನವುಂಟು. ಮನುಷ್ಯನ ಯೋಗ್ಯತೆಯನ್ನು ಅಳೆಯದೆ ದೇವರು ನೀಡುವ ಪ್ರೀತಿಯೇ ಕೃಪೆ. ಹಾಗೆ ಪಡೆದವನು ಮತ್ತೊಬ್ಬನಿಗೆ ಕೊಡುವಾಗಲೂ ಯೋಗ್ಯತೆಯನ್ನು ಅಳೆಯಲಾಗದಷ್ಟೆ. ಹೇಳುವುದಕ್ಕೆ ಸುಲಭವಾದ ಈ ಮಾತನ್ನು ಇಡಿಯ ಊರೊಂದು ಯುದ್ಧದ ವರ್ಷಗಳುದ್ದಕ್ಕೂ ನಡೆದು ತೋರಿಸಿತು.

ಫ್ರಾನ್ಸಿನ ಎತ್ತರದ ಪ್ರಸ್ಥಭೂಮಿಯೊಂದರ ಮೇಲೆ ಲ ಶಾಂಬೋಂ ಎಂಬ ಗ್ರಾಮವಿದೆ. ಅಲ್ಲಿನ ನಿವಾಸಿಗಳಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. 1685ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಮತಸ್ವಾತಂತ್ರ್ಯವನ್ನು ಕಸಿದುಕೊಂಡ ಮೇಲೆ ಅವರ ಪೂರ್ವಿಕರು ಮರೆಯಲ್ಲಿ ಪ್ರಾರ್ಥನೆ ನಡೆಸಿ ಬಾಳಿದವರು. ಅಡಗಿ ಬದುಕುವವರ ಸಂಕಟವು ಆ ಊರಿಗೆ ಹೊಸತಾಗಿರಲಿಲ್ಲ.

1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಜರ್ಮನಿಗೆ ಮಣಿಯಿತು. ಒಪ್ಪಂದಕ್ಕೆ ಸಹಿಯಾದ ಮರುದಿನವೇ ಪಾದ್ರಿ ಆಂದ್ರೆ ತ್ರೋಕ್ಮೆಯವರೂ ಅವರ ಸಹೋದ್ಯೋಗಿ ಎದ್ವಾರ್ ತೈಸ್ ಅವರೂ ತಮ್ಮ ಸಭೆಗೆ ಒಂದು ಮಾತು ತಿಳಿಸಿದರು: ಸುವಾರ್ತೆಗೆ ವಿರುದ್ಧವಾದ ಆಜ್ಞೆಗೆ ತಲೆಬಾಗಲಾಗದು, ಆದರೆ ಎದುರಿಸುವಾಗ ದ್ವೇಷವೂ ಸಲ್ಲದು.

ಆ ಚಳಿಗಾಲದಲ್ಲಿ ಪಾದ್ರಿಯ ಮನೆಯ ಬಾಗಿಲನ್ನು ಜರ್ಮನಿಯಿಂದ ಓಡಿಬಂದ ಯೆಹೂದ್ಯ ಸ್ತ್ರೀಯೊಬ್ಬಳು ತಟ್ಟಿದಳು. ಒಳಗೆ ಬರಬಹುದೇ ಎಂದು ಅಂಜುತ್ತ ಕೇಳಿದಳು. ಪಾದ್ರಿಯ ಪತ್ನಿ ಮಗ್ದಾ ಆಕೆಯನ್ನು ಕರೆದು ಕೂರಿಸಿ ಉಪಚರಿಸಿದರು. ಬಳಿಕ ಆಕೆಗೆ ಬೇಕಾದ ಕಾಗದಪತ್ರಗಳಿಗಾಗಿ ಊರಿನ ಮೇಯರರಲ್ಲಿಗೆ ಹೋದರು. ಅವರು ನೆರವಾಗಲಿಲ್ಲ, ಪರದೇಶದವಳನ್ನು ಕಳುಹಿಸಿಬಿಡಿ ಎಂದರು. ಆ ಸ್ತ್ರೀಯು ಬೇರೆಡೆಗೆ ಹೋಗಬೇಕಾಯಿತು. ಮಗ್ದಾ ಅವರ ಮನಸ್ಸಿನಲ್ಲಿ ಆ ನೋವು ಉಳಿಯಿತು. ದಯೆ ತೋರಲು ಅಧಿಕಾರದ ಅಪ್ಪಣೆಗಾಗಿ ಕಾಯಬಾರದೆಂಬ ಪಾಠವೂ ಉಳಿಯಿತು.

ಮುಂದೆ ಊರಿನಲ್ಲೂ ಸುತ್ತಣ ಹಳ್ಳಿಗಳಲ್ಲೂ ಒಂದೊಂದೇ ಬಾಗಿಲು ತೆರೆಯಿತು. ರೈತರು ತಮ್ಮ ಮನೆಗಳಲ್ಲಿ ಎಡೆ ಕೊಟ್ಟರು. ಶಾಲೆಗಳು ಮಕ್ಕಳನ್ನು ಸೇರಿಸಿಕೊಂಡವು. ಸುಳ್ಳು ಹೆಸರಿನ ಗುರುತುಚೀಟಿಗಳು ಸಿದ್ಧವಾದವು. ನೆರೆಮನೆಯಲ್ಲಿ ಯಾರಿರುವರೆಂದು ಯಾರೂ ಕೇಳಲಿಲ್ಲ. ಆ ಮೌನವೂ ಒಂದು ದಯೆಯೇ. 1942ರ ಬೇಸಿಗೆಯಲ್ಲಿ ಪೊಲೀಸರು ಬಸ್ಸುಗಳೊಡನೆ ಬಂದು ಯೆಹೂದ್ಯರ ಪಟ್ಟಿಯನ್ನು ಕೇಳಿದಾಗ ಪಾದ್ರಿಯು ಕೊಡಲಿಲ್ಲ. ಅಡಗಿದವರು ಕಾಡನ್ನೂ ಹೊಲಮನೆಗಳನ್ನೂ ಸೇರಿದ್ದರು. ಪೊಲೀಸರು ಬಹುತೇಕ ಬರಿಗೈಯಲ್ಲಿ ಹಿಂದಿರುಗಿದರು.

ಈ ದಯೆಗೆ ಬೆಲೆಯನ್ನೂ ತೆರಬೇಕಾಯಿತು. 1943ರಲ್ಲಿ ಪಾದ್ರಿಗಳಿಬ್ಬರೂ ಕೆಲವು ವಾರಗಳ ಕಾಲ ಬಂಧನದಲ್ಲಿದ್ದರು. ಅದೇ ವರ್ಷ ತ್ರೋಕ್ಮೆಯವರ ಬಂಧು, ತರುಣ ಉಪಾಧ್ಯಾಯ ದಾನಿಯೆಲ್, ತನ್ನ ವಿದ್ಯಾರ್ಥಿಗಳನ್ನು ಬಿಟ್ಟುಹೋಗಲೊಲ್ಲದೆ ಅವರೊಡನೆ ಸೆರೆಯಾಗಿ, 1944ರಲ್ಲಿ ಮೈದಾನೆಕ್ ಶಿಬಿರದಲ್ಲಿ ಪ್ರಾಣಬಿಟ್ಟನು.

ಹೀಗೆ ಸಾವಿರಾರು ಜೀವಗಳು ಉಳಿದವು. 1990ರಲ್ಲಿ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆಯು ಒಬ್ಬಿಬ್ಬರನ್ನಲ್ಲ, ಆ ಊರನ್ನೂ ನೆರೆಹಳ್ಳಿಗಳನ್ನೂ ಒಟ್ಟಾಗಿ ಗೌರವಿಸಿತು. ಊರವರಿಗಾದರೋ ಹೊಗಳಿಕೆಯು ಸಂಕೋಚದ ವಿಷಯ. ಬಾಗಿಲಿಗೆ ಬಂದವರನ್ನು ಒಳಕರೆಯುವುದರಲ್ಲಿ ಹೆಚ್ಚೇನಿದೆ ಎಂಬುದು ಅವರ ಭಾವನೆ.

ಧರ್ಮವನ್ನು ದೇವಾಲಯದಲ್ಲಿ ಕಲಿಯಬಹುದು. ಕಲಿತದ್ದು ನಿಜವೇ ಎಂಬುದು ತಿಳಿಯುವುದು ಮನೆಯ ಹೊಸ್ತಿಲಿನಲ್ಲಿ, ಅಪರಿಚಿತನೊಬ್ಬನು ಬಂದು ನಿಂತಾಗ.